ಉಳಿಸಿದ ನೀರು ಎಲ್ಲಿ ಹೋಯಿತು? ಒಣ ಸೀಮೆಯ ನೀರಿನ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ಕಡಿಮೆ ಬೀಳುವ ಕಡೆ ನೀರು ಬಳಸುವ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಕೇಳಿದ್ದೀರಿ. ಹೆಚ್ಚಿನ ಪತ್ರಗಳು ಬೋರ್‌ವೆಲ್ಲಿನ ಸುತ್ತಲೇ ಇವೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ. ಬೈದು ಬರೆದ ಒಬ್ಬರಿಗೂ ಕೆಳಗೆ ಉತ್ತರ ಇದೆ, ಹುಡುಕಿಕೊಳ್ಳಿ.

ಪ್ರಶ್ನೆ: ಮೊದಲು ಎರಡು ಎಕರೆಗೆ ಕಾಲುವೆ ಮಾಡಿ ನೀರು ಹಾಯಿಸುತ್ತಿದ್ದೆ. ಡ್ರಿಪ್ (ಹನಿ ನೀರಾವರಿ) ಹಾಕಿಸಿದ ಮೇಲೆ ಅಷ್ಟೇ ನೀರಲ್ಲಿ ನಾಲ್ಕು ಎಕರೆ ಆಗುತ್ತಿದೆ. ಆದರೂ ಬೋರ್‌ನಲ್ಲಿ ನೀರು ವರ್ಷದಿಂದ ವರ್ಷಕ್ಕೆ ಕೆಳಗೆ ಹೋಗುತ್ತಿದೆ. ಡ್ರಿಪ್ ಹಾಕಿದರೆ ನೀರು ಉಳಿಯುತ್ತೆ ಅಂತಾರಲ್ಲ, ನನ್ನ ನೀರು ಎಲ್ಲಿ ಹೋಯಿತು?

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ. ಎರಡು ಎಕರೆ ನಾಲ್ಕಾಯಿತು. ಪಂಪು ಮೊದಲಿನಷ್ಟೇ ಹೊತ್ತು ಓಡುತ್ತಿದೆ, ನೆಲದಿಂದ ಮೇಲೆ ಬರುವ ನೀರು ಒಂದು ಕೊಡದಷ್ಟೂ ಕಡಿಮೆಯಾಗಿಲ್ಲ. ಡ್ರಿಪ್ ನಿಮಗೆ ಉಳಿಸಿಕೊಟ್ಟ ನೀರನ್ನು ನೀವು ಇನ್ನೆರಡು ಎಕರೆಗೆ ಕೊಟ್ಟಿರಿ. ತಪ್ಪು ಅಂತ ಹೇಳುತ್ತಿಲ್ಲ, ನಿಮ್ಮ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ಬೋರ್‌ವೆಲ್ಲಿಗೆ ಇದರಿಂದ ಲಾಭ ಆಗಲಿಲ್ಲ.

ನಿಜ ಹೇಳಬೇಕೆಂದರೆ ನಷ್ಟವೇ ಆಗಿದೆ. ಕಾಲುವೆಯಲ್ಲಿ ನೀರು ಹಾಯಿಸಿದಾಗ ಗಿಡ ಕುಡಿದು ಮಿಕ್ಕಿದ್ದೆಲ್ಲ ಪೋಲು ಅಂತ ನಾವು ಲೆಕ್ಕ ಹಾಕುತ್ತೇವೆ. ಅದರಲ್ಲಿ ಒಂದು ಪಾಲು ಬಿಸಿಲಿಗೆ ಆರಿ ಹೋಗುತ್ತಿತ್ತು, ಅದು ನಿಜವಾದ ಪೋಲು. ಇನ್ನೊಂದು ಪಾಲು ಬೇರಿನ ಕೆಳಗೆ ಇಳಿದು, ನಿಧಾನಕ್ಕೆ ನೀವು ಎತ್ತಿದ ಅದೇ ಅಂತರ್ಜಲಕ್ಕೆ ವಾಪಸ್ ಸೇರುತ್ತಿತ್ತು. ಈಗ ಡ್ರಿಪ್ಪಿನಲ್ಲಿ ಬೇರಿನ ಬುಡಕ್ಕೇ ಕೊಡುತ್ತೀರಿ, ಗಿಡ ಹೆಚ್ಚುಕಡಿಮೆ ಅಷ್ಟನ್ನೂ ಕುಡಿದು ಎಲೆಯಿಂದ ಆವಿಯಾಗಿ ಗಾಳಿಗೆ ಬಿಡುತ್ತದೆ. ಗಿಡದ ಮಟ್ಟಿಗೆ ಅದು ಸರಿಯೇ, ಆದರೆ ವಾಪಸ್ ಇಳಿಯುವ ನೀರು ನಿಂತಿತು. ನಾಲ್ಕು ಎಕರೆ ಹಸಿರಾಗಿ ನಿಂತಿದೆ ಅಂದರೆ ನಾಲ್ಕು ಎಕರೆಯ ನೀರು ಗಾಳಿಗೆ ಹೋಗುತ್ತಿದೆ ಅಂತಲೇ ಅರ್ಥ.

ಇದು ನಿಮ್ಮೊಬ್ಬರ ಕಥೆಯಲ್ಲ. 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ವಿಚಾರದಲ್ಲಿ ಇದನ್ನು ಹೇಳಿದ್ದ: ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವ ಎಂಜಿನ್ನು ಬಂದರೆ ಕಲ್ಲಿದ್ದಲಿನ ಖರ್ಚು ಇಳಿಯುವುದಿಲ್ಲ, ಏರುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ನೀರು ಉಳಿಸುವ ನೀರಾವರಿ ಉಪಕರಣಕ್ಕೆ ಸರ್ಕಾರವೇ ಸಹಾಯಧನ ಕೊಟ್ಟಿತು. ಆಮೇಲೆ ನೋಡಿದರೆ ಅಂತರ್ಜಲ ಎತ್ತುವುದು ಕಡಿಮೆಯಾಗಿರಲಿಲ್ಲ, ರೈತರು ಜಾಸ್ತಿ ನೀರು ಕುಡಿಯುವ ಬೆಳೆಗೆ ಹೋಗಿದ್ದರಿಂದ ಹೆಚ್ಚೇ ಆಗಿತ್ತು. 2018ರಲ್ಲಿ ಹಲವು ದೇಶದ ಸಂಶೋಧಕರು ಒಟ್ಟಾಗಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದೂ ಇದನ್ನೇ: ಎತ್ತುವ ನೀರಿಗೆ ಒಂದು ಮಿತಿ ಹಾಕದೆ ಬರೀ ಉಪಕರಣ ಸುಧಾರಿಸಿದರೆ ನದಿಗೂ ನೀರು ಉಳಿಯುವುದಿಲ್ಲ, ನೆಲಕ್ಕೂ ಉಳಿಯುವುದಿಲ್ಲ.

ಹಾಗಂತ ಡ್ರಿಪ್ ಕಿತ್ತು ಬಿಸಾಕಬೇಡಿ. ಕಳೆ ಕಡಿಮೆ, ಕೂಲಿ ಕಡಿಮೆ, ಗೊಬ್ಬರ ನೇರ ಬೇರಿಗೆ ಹೋಗುತ್ತೆ, ಇಳುವರಿ ಚೆನ್ನಾಗಿ ಬರುತ್ತೆ. 1960ರ ದಶಕದಲ್ಲಿ ಇಸ್ರೇಲಿನಲ್ಲಿ ಈ ಪದ್ಧತಿ ಬೆಳೆದು ಜಗತ್ತಿಗೆಲ್ಲ ಹಬ್ಬಿದ್ದು ಸುಮ್ನೆ ಅಲ್ಲ. ನೀವು ಮಾಡಬೇಕಾದ್ದು ಇಷ್ಟು: ಪಂಪು ದಿನಕ್ಕೆ ಎಷ್ಟು ಗಂಟೆ ಓಡಬೇಕು ಅಂತ ಮೊದಲು ನಿಗದಿ ಮಾಡಿ, ಆಮೇಲೆ ಎಕರೆ ಎಷ್ಟು ಅಂತ ಯೋಚಿಸಿ. ಈಗ ನೀವು ಮಾಡಿರುವುದು ಉಲ್ಟಾ. ಎರಡು ಎಕರೆಯನ್ನು ಡ್ರಿಪ್ಪಿನಲ್ಲೇ ಇಟ್ಟುಕೊಂಡು, ಮಿಕ್ಕ ಎರಡು ಎಕರೆಗೆ ಮಳೆ ಆಶ್ರಯದ ದ್ವಿದಳ ಧಾನ್ಯ ಹಾಕಿ ನೋಡಿ. ಇನ್ನೊಂದು ಮಾತು. ಬೋರ್ ನೀರು ಸ್ವಲ್ಪ ಉಪ್ಪಾಗಿದ್ದರೆ ಡ್ರಿಪ್ಪಿನ ಒದ್ದೆ ವೃತ್ತದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಒಂದು ಒಳ್ಳೆ ಮಳೆ ಬಿದ್ದು ಅದು ತೊಳೆದು ಹೋಗುವ ತನಕ ಲ್ಯಾಟರಲ್ ಪೈಪುಗಳನ್ನು (ಸಾಲಿನುದ್ದಕ್ಕೂ ನೀರು ಹನಿಸುವ ಸಣ್ಣ ಪೈಪು) ಅತ್ತಿತ್ತ ಸರಿಸಬೇಡಿ.

ಪ್ರಶ್ನೆ: "ನೀರಿನ ಲೆಕ್ಕ ಹಾಕಿ" ಅಂತ ಎಲ್ಲ ಕಡೆ ಓದುತ್ತೇನೆ. ಓದಿದ್ದು ಹತ್ತನೇ ತರಗತಿ. ನನ್ನಂಥವರು ಹಾಕಬಹುದಾದ ಲೆಕ್ಕ ಇದೆಯೇ?

ಉತ್ತರ: ಇದೆ. ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಿ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಮಿಕ್ಕಿದ್ದೆಲ್ಲ ಗುಣಾಕಾರ.

ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಬೀಳುವ ಜಾಗ ಅಂದುಕೊಳ್ಳೋಣ. ಎಕರೆಗೆ 20 ಲಕ್ಷ ಲೀಟರ್ ಆಯಿತು. ಕೇಳಿದರೆ ಸಮುದ್ರ ಇದ್ದ ಹಾಗಿದೆ ಅಲ್ವಾ? ಆದರೆ ಹೆಚ್ಚಿನ ಪಾಲು ಮಣ್ಣಿನಿಂದಲೂ ಗಿಡಗಳಿಂದಲೂ ಆವಿಯಾಗುತ್ತದೆ, ಸ್ವಲ್ಪ ಹರಿದು ಹೋಗುತ್ತದೆ. ಕೆಳಗೆ ಗಟ್ಟಿ ಕಲ್ಲು ಇರುವ ಕಡೆ ಅಂತರ್ಜಲಕ್ಕೆ ಇಳಿಯುವುದು ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಪಾಲು. ಹತ್ತು ಅಂತಲೇ ಧಾರಾಳವಾಗಿ ಇಟ್ಟುಕೊಳ್ಳಿ. ಎಕರೆಗೆ 50 ಮಿ.ಮೀ., ಅಂದರೆ 2 ಲಕ್ಷ ಲೀಟರ್. ನಿಮ್ಮ ಎಕರೆಯಿಂದ ಬೋರ್‌ಗೆ ವರ್ಷಕ್ಕೆ ಬರುವುದು ಇಷ್ಟೇ.

ಈಗ ಖರ್ಚಿನ ಕಡೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೊಡುವ ಅಂದಾಜಿನ ಪ್ರಕಾರ ಕಬ್ಬಿಗೆ ಒಂದು ಬೆಳೆಗೆ 1,500ರಿಂದ 2,500 ಮಿ.ಮೀ. ನೀರು ಬೇಕು. ಜೋಳಕ್ಕೆ 450ರಿಂದ 650. ಕಬ್ಬಿಗೆ ಕನಿಷ್ಠ ಲೆಕ್ಕವನ್ನೇ ಹಿಡಿಯಿರಿ, 1,500. ಅದರಲ್ಲಿ 300 ಮಳೆಯಿಂದಲೇ ಸಿಕ್ಕಿತು ಅಂದುಕೊಳ್ಳಿ. ಮಿಕ್ಕ 1,200 ಎಲ್ಲಿಂದ? ಬೋರ್‌ನಿಂದ. ಎಕರೆಗೆ 50ರಂತೆ ಇಂಗುತ್ತಿದ್ದರೆ ಒಂದು ಎಕರೆ ಕಬ್ಬಿಗೆ 24 ಎಕರೆಯಲ್ಲಿ ಇಂಗಿದ ನೀರು ಬೇಕು. ಉಳಿದ 23 ಎಕರೆ ಯಾರದು ಅಂತ ಕೇಳಿಕೊಳ್ಳಿ. ಅವರೂ ಕಬ್ಬು ಹಾಕಿದರೆ? ನಮ್ಮ ಜಗಳ ಎಲ್ಲ ಹುಟ್ಟುವುದು ಅಲ್ಲೇ.

ಜೋಳವಾದರೆ ಹೆಚ್ಚಿನ ಪಾಲನ್ನು ಮಳೆಯೇ ಕೊಡುತ್ತದೆ. ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಒಂದೋ ಎರಡೋ ಸಲ ನೀರು ಕೊಟ್ಟರೆ ಬೆಳೆ ಉಳಿಯುತ್ತದೆ. ಒಣ ಸೀಮೆಯಲ್ಲಿ ಬೋರ್‌ವೆಲ್ಲಿನ ಸರಿಯಾದ ಕೆಲಸ ಇದು ಅಂತ ನನಗನಿಸುತ್ತದೆ: ಮಳೆ ಬೆಳೆಯನ್ನು ಕಾಯುವುದು. ಮಳೆ ಇಲ್ಲದ ಜಾಗದಲ್ಲಿ ಮಳೆನಾಡಿನ ಬೆಳೆಯನ್ನು ಸಾಕುವುದಲ್ಲ.

ಒಬ್ಬರೇ ಈ ಲೆಕ್ಕ ಹಾಕಿ ಪಾಲಿಸಿದರೆ ಪಕ್ಕದವರು ಎತ್ತಿಕೊಳ್ಳುತ್ತಾರೆ, ಅದು ನಿಜ. ಅದಕ್ಕೇ ಇದು ಊರಿಗೆ ಊರೇ ಕೂತು ಮಾಡಬೇಕಾದ ಲೆಕ್ಕ. ಮಹಾರಾಷ್ಟ್ರದ ಹಿವರೆ ಬಜಾರ್ ಹೆಸರು ಕೇಳಿರಬಹುದು. ಅಲ್ಲಿ ಪೋಪಟ್‌ರಾವ್ ಪವಾರ್ ಮುಂದಾಳತ್ವದಲ್ಲಿ ಬದು, ಇಂಗುಗುಂಡಿ, ಗಿಡ ಎಲ್ಲ ಆಯಿತು. ಫೋಟೋಗಳಲ್ಲಿ ಬರುವುದು ಅದೇ. ಫೋಟೋದಲ್ಲಿ ಬಾರದ್ದು ಏನಂದರೆ, ಬೇಸಾಯಕ್ಕೆ ಬೋರ್‌ವೆಲ್ ಕೊರೆಯಬಾರದು, ಕಬ್ಬು ಬಾಳೆಯಂಥ ಬಾಯಾರಿದ ಬೆಳೆ ಹಾಕಬಾರದು ಅಂತ ಊರವರು ತಮಗೆ ತಾವೇ ಹಾಕಿಕೊಂಡ ಕಟ್ಟು. ಆ ವರ್ಷ ಬಿದ್ದ ಮಳೆಯನ್ನು ಅಳೆದು, ಮೊದಲು ಕುಡಿಯುವ ನೀರು, ಆಮೇಲೆ ದನಕರು, ಮಿಕ್ಕಿದ್ದರಲ್ಲಿ ಯಾವ ಬೆಳೆ ಎಷ್ಟು ಅಂತ ಗ್ರಾಮಸಭೆಯಲ್ಲಿ ತೀರ್ಮಾನ ಮಾಡುತ್ತಾರೆ. ಆ ಕಟ್ಟು ಬಿಟ್ಟು ಬರೀ ಇಂಗುಗುಂಡಿಯನ್ನು ನಕಲು ಮಾಡಿದರೆ, ಇಂಗಿದ ನೀರು ಹೊಸ ಬೋರ್‌ಗಳ ಪಾಲಾಗುತ್ತದೆ.

ಪ್ರಶ್ನೆ: 300 ಅಡಿಯ ಬೋರ್ ಒಣಗಿತು. ಸಾವಿರ ಅಡಿ ಹೋದರೆ ಸಿಗುತ್ತೆ ಅಂತ ರಿಗ್‌ನವರು ಹೇಳುತ್ತಾರೆ. ಸಾಲ ಮಾಡಿ ಕೊರೆಸಲೇ?

ಉತ್ತರ: ಸಾಲ ಅಂದಿರಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೆಲದ ಕೆಳಗೆ ನದಿ ಹರಿಯುತ್ತಿದೆ, ಆಳ ಹೋದಷ್ಟೂ ನೀರು ಜಾಸ್ತಿ ಅನ್ನುವ ಕಲ್ಪನೆ ಬಹಳ ಜನರಿಗೆ ಇದೆ. ಗಟ್ಟಿ ಕಲ್ಲಿನ ಪ್ರದೇಶದಲ್ಲಿ ಹಾಗಿಲ್ಲ. ಮೇಲೆ ಮಣ್ಣು, ಅದರ ಕೆಳಗೆ ಕೊಳೆತು ಪುಡಿಯಾದ ಕಲ್ಲಿನ ಪದರ. ನೀರು ಕೂರುವುದು ಮುಖ್ಯವಾಗಿ ಈ ಪದರದಲ್ಲೇ. ಅದರ ಕೆಳಗೆ ಗಟ್ಟಿ ಬಂಡೆ, ಅಲ್ಲಲ್ಲಿ ಬಿರುಕು. ಒಂದು ಘನ ಮೀಟರ್ ಮರಳಿನಿಂದ ನೂರೈವತ್ತು ಇನ್ನೂರು ಲೀಟರ್ ನೀರು ಇಳಿದು ಬಂದರೆ, ಕೊಳೆತ ಕಲ್ಲಿನಿಂದ ಬರುವುದು ಹತ್ತರಿಂದ ಮೂವತ್ತು ಲೀಟರ್. ಕೆಳಗಿನ ಬಂಡೆಯಲ್ಲಿ ಅದಕ್ಕಿಂತಲೂ ಎಷ್ಟೋ ಕಡಿಮೆ. ಆಳಕ್ಕೆ ಹೋದಂತೆ ಬಿರುಕುಗಳೂ ವಿರಳವಾಗುತ್ತವೆ, ಮೇಲಿನ ಕಲ್ಲಿನ ಭಾರಕ್ಕೆ ಮುಚ್ಚಿಕೊಳ್ಳುತ್ತವೆ.

ಹಾಗಾದರೆ ಸಾವಿರ ಅಡಿಯಲ್ಲಿ ಎರಡಿಂಚು ನೀರು ಬಿತ್ತು ಅಂತಾರಲ್ಲ, ಸುಳ್ಳಾ? ಸುಳ್ಳಲ್ಲ. ಆದರೆ ಆ ಎರಡಿಂಚು ಕೊರೆದ ದಿನದ್ದು. ಬಿರುಕಿನಲ್ಲಿ ಎಷ್ಟೋ ಕಾಲದಿಂದ ತುಂಬಿಕೊಂಡಿದ್ದ ನೀರು ಅದು. ಅಲ್ಲಿಗೆ ಮತ್ತೆ ನೀರು ಬಂದು ತುಂಬಬೇಕಾದರೆ ಮೇಲಿನ ಪದರದಿಂದಲೇ ಬರಬೇಕು, ಆ ಪದರ ಒಣಗಿದ್ದಕ್ಕೇ ಅಲ್ಲವೇ ನಿಮ್ಮ 300 ಅಡಿಯ ಬೋರ್ ನಿಂತಿದ್ದು? ಡ್ರಮ್ಮಿನ ನಡುವೆ ಇದ್ದ ನಲ್ಲಿಯಲ್ಲಿ ನೀರು ನಿಂತಿತು ಅಂತ ಬುಡದಲ್ಲಿ ಇನ್ನೊಂದು ನಲ್ಲಿ ಕೂರಿಸಿದರೆ ಡ್ರಮ್ಮಿನಲ್ಲಿ ನೀರು ಹೆಚ್ಚಾಗುವುದಿಲ್ಲ. ಜೊತೆಗೆ ಸುತ್ತಲಿನ ಕಡಿಮೆ ಆಳದ ಬಾವಿಗಳನ್ನೂ ನಿಮ್ಮ ಹೊಸ ಬೋರ್ ಬತ್ತಿಸಬಹುದು. ಆಗ ಅವರೂ ಸಾವಿರ ಅಡಿ ಕೊರೆಸುತ್ತಾರೆ.

ಇನ್ನೊಂದು ತೊಂದರೆ ಫ್ಲೋರೈಡ್. ಆಳದ ಗ್ರಾನೈಟ್ ಕಲ್ಲಿನಲ್ಲಿ ಬಹಳ ಕಾಲ ಕೂತ ನೀರಿನಲ್ಲಿ ಅದು ಸೇರಿಕೊಳ್ಳುವ ಸಾಧ್ಯತೆ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಾಟಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆಗೇ ಪೆಟ್ಟು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ.

ನನ್ನನ್ನು ಕೇಳಿದರೆ ಸಾಲದ ದುಡ್ಡಿನಲ್ಲಿ ಸಾವಿರ ಅಡಿ ಬೇಡ. ಕುಡಿಯುವುದಕ್ಕೂ ನೀರಿಲ್ಲ ಅನ್ನುವ ಪರಿಸ್ಥಿತಿ ಬೇರೆ, ಬೆಳೆಗೆ ಅಂತಾದರೆ ಬೇಡವೇ ಬೇಡ.

ಪ್ರಶ್ನೆ: ಕವೆಗೋಲು ಹಿಡಿದು ನೀರಿನ ಸೆಲೆ ತೋರಿಸುವವರನ್ನು ನಂಬಬಹುದೇ?

ಉತ್ತರ: ನಂಬಬೇಡಿ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ ಒಂದು ದೊಡ್ಡ ಕೊಟ್ಟಿಗೆಯಲ್ಲಿ ಇದನ್ನು ಪರೀಕ್ಷೆ ಮಾಡಿದರು. ಕೆಳಗಿನ ಮಹಡಿಯಲ್ಲಿ ನೀರು ಹರಿಯುವ ಪೈಪನ್ನು ಒಂದು ಗಾಡಿಯ ಮೇಲಿಟ್ಟು ಬೇರೆ ಬೇರೆ ಕಡೆ ಸರಿಸುತ್ತಿದ್ದರು, ಮೇಲಿನ ಮಹಡಿಯಲ್ಲಿ ಕಡ್ಡಿ ಹಿಡಿದವರು ಪೈಪು ಎಲ್ಲಿದೆ ಅಂತ ಹೇಳಬೇಕಿತ್ತು. ಪರೀಕ್ಷೆ ನಡೆಸಿದವರಿಗೆ ಕೆಲವರಲ್ಲಿ ಶಕ್ತಿ ಕಂಡಿತು. ಅದೇ ಅಂಕಿಗಳನ್ನು ಬೇರೆಯವರು ಮತ್ತೆ ಜಾಲಾಡಿದಾಗ ಕಣ್ಣುಮುಚ್ಚಿ ಊಹಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಹಾಗಾದರೆ ಅವರು ತೋರಿಸಿದ ಕಡೆ ಎಷ್ಟೋ ಸಲ ನೀರು ಬೀಳುವುದು ಹೇಗೆ? ಕೊಳೆತ ಕಲ್ಲಿನ ಪದರದಲ್ಲಿ ಹೆಚ್ಚಿನ ಕಡೆ ಸ್ವಲ್ಪವಾದರೂ ನೀರು ಇರುತ್ತದೆ, ಜೊತೆಗೆ ಊರಿನ ತಗ್ಗು, ಹಳ್ಳ, ಗಿಡಗಳನ್ನು ನೋಡಿ ಅಂದಾಜು ಮಾಡುವ ಅನುಭವ ಅವರಿಗೆ ಇರುತ್ತದೆ. ಭೂವಿಜ್ಞಾನಿಗಳೂ ಪ್ರತಿ ಸಲ ಗೆಲ್ಲುವುದಿಲ್ಲ. ಆದರೆ ತಪ್ಪಿದಾಗ ಯಾಕೆ ತಪ್ಪಿತು ಅಂತ ಹೇಳಬಲ್ಲರು.

ಪ್ರಶ್ನೆ: ನಮ್ಮದು ಚಿಕ್ಕ ಮನೆ, 100 ಚದರ ಮೀಟರ್ ತಾರಸಿ. ಮಳೆ ಬೀಳುವುದೇ ಕಡಿಮೆ. ಮಳೆನೀರು ಹಿಡಿಯಲು ದುಡ್ಡು ಹಾಕುವುದರಲ್ಲಿ ಅರ್ಥವಿದೆಯೇ? ಎಷ್ಟು ದೊಡ್ಡ ತೊಟ್ಟಿ ಬೇಕು?

ಉತ್ತರ: ಮೇಲಿನ ಲೆಕ್ಕವನ್ನೇ ತಾರಸಿಗೆ ಹಾಕಿ. 500 ಮಿ.ಮೀ. ಮಳೆ, 100 ಚದರ ಮೀಟರ್, ಒಟ್ಟು 50,000 ಲೀಟರ್. ಚೆಲ್ಲಿದ್ದು, ಆರಿದ್ದು, ಬಿಟ್ಟದ್ದು ಕಳೆದು 40,000 ಕೈಗೆ ಸಿಕ್ಕೀತು.

ಎಲ್ಲರೂ ಇಲ್ಲಿ ಎಡವುವುದು ತೊಟ್ಟಿಯ ವಿಚಾರದಲ್ಲಿ. 40,000 ಲೀಟರ್ ಸಿಗುತ್ತೆ ಅಂದ ಕೂಡಲೇ 40,000 ಲೀಟರಿನ ತೊಟ್ಟಿಗೆ ಖರ್ಚು ಎಷ್ಟು ಅಂತ ಕೇಳಿ, ಗಾಬರಿಯಾಗಿ, ಕೈಬಿಡುತ್ತಾರೆ. ಅಷ್ಟು ಬೇಡ. ನಾಲ್ಕು ಜನರ ಮನೆಯಲ್ಲಿ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕಾಗುತ್ತದೆ. ವರ್ಷಕ್ಕೆ 9,000 ಚಿಲ್ಲರೆ. 10,000 ಲೀಟರಿನ ತೊಟ್ಟಿ ಇದ್ದರೆ ವರ್ಷಪೂರ್ತಿ ಹೊಟ್ಟೆಗೆ ಹೋಗುವ ನೀರು ಮಳೆಯದೇ ಆಗುತ್ತದೆ, ಅದೂ ಫ್ಲೋರೈಡ್ ಇಲ್ಲದ, ಉಪ್ಪಿಲ್ಲದ ನೀರು. ಬೋರ್ ನೀರು ಕೆಟ್ಟಿರುವ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಮಿಕ್ಕ 30,000 ಲೀಟರನ್ನು ಇಂಗುಗುಂಡಿಗೆ ಬಿಡಿ.

ಮೊದಲ ಮಳೆಯ ನೀರನ್ನು ಮಾತ್ರ ತೊಟ್ಟಿಗೆ ಸೇರಿಸಬೇಡಿ. ಧೂಳು, ಹಕ್ಕಿ ಹಿಕ್ಕೆ, ಒಣ ಎಲೆ ಎಲ್ಲ ಅದರಲ್ಲೇ ಬರುತ್ತದೆ. ಇಳಿಕೆ ಪೈಪಿನಲ್ಲೇ ಒಂದು ಕವಲು ಕೊಟ್ಟು ಮೊದಲ ನೂರು ಇನ್ನೂರು ಲೀಟರ್ ಹೊರಗೆ ಹೋಗುವಂತೆ ಮಾಡಿದರೆ ಸಾಕು. ತೊಟ್ಟಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ ಕಟ್ಟುತ್ತದೆ. ಗಾಳಿ ಪೈಪಿಗೆ ಸೊಳ್ಳೆ ಜಾಲರಿ ಮರೆಯಬೇಡಿ. ಕುಡಿಯುವ ಮೊದಲು ಕುದಿಸಿ ಅಥವಾ ಫಿಲ್ಟರ್ ಮಾಡಿ. ಬೋರ್‌ನ ಕೇಸಿಂಗ್ ಪೈಪಿನೊಳಗೇ (ಮಣ್ಣು ಕುಸಿಯದಂತೆ ಇಳಿಸಿದ ಹೊರ ಪೈಪು) ತಾರಸಿ ನೀರನ್ನು ಸೋಸದೆ ಬಿಡುವವರಿದ್ದಾರೆ, ದಯವಿಟ್ಟು ಬೇಡ. ಮಣ್ಣಿನಲ್ಲಿ ಇಂಗುವಾಗ ಸೋಸಿ ಹೋಗಬೇಕಾದ ಕೊಳೆ ನೇರವಾಗಿ ಅಂತರ್ಜಲಕ್ಕೆ ಇಳಿಯುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಮಾಡಿಸಿದ್ದೇನೆ. ಮಳೆ ಸಾಲದೆ ಬೋರ್‌ನಿಂದ ತುಂಬಿಸಿ ಬೇಸಿಗೆಗೆ ಇಟ್ಟುಕೊಳ್ಳುತ್ತೇನೆ. ಒಳ್ಳೆಯದೇ ಅಲ್ವಾ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ಒಳ್ಳೆಯದಲ್ಲ.

ಅಳತೆ ಹಿಡಿದು ನೋಡೋಣ. ಮೇಲೆ 20 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳ, ಗೋಡೆ ಇಳಿಜಾರು. ಇಂಥ ಹೊಂಡದಲ್ಲಿ ಏಳೂಕಾಲು, ಏಳೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಒಣ ಪ್ರದೇಶದ ತೆರೆದ ನೀರಿನಿಂದ ವರ್ಷಕ್ಕೆ ಸುಮಾರು 2 ಮೀಟರ್ ಎತ್ತರದ ನೀರು ಆವಿಯಾಗುತ್ತದೆ. ಹೊಂಡದ ಮೇಲ್ಮೈ 400 ಚದರ ಮೀಟರ್, ಅಂದರೆ 8 ಲಕ್ಷ ಲೀಟರ್. ವರ್ಷಪೂರ್ತಿ ತುಂಬಿಟ್ಟರೆ ಒಂದು ಹೊಂಡದಷ್ಟು ನೀರನ್ನು ಬಿಸಿಲೇ ಕುಡಿಯುತ್ತದೆ. ನೆಲದ ಕೆಳಗೆ ಬಿಸಿಲು ತಾಗದೆ, ಬಾಡಿಗೆ ಇಲ್ಲದೆ ಕೂತಿದ್ದ ನೀರನ್ನು ಕರೆಂಟು ಖರ್ಚು ಮಾಡಿ ಮೇಲೆತ್ತಿ ಬಿಸಿಲಿಗಿಟ್ಟ ಹಾಗಾಯಿತು. ಪ್ಲಾಸ್ಟಿಕ್ ಹಾಸಿರುವುದರಿಂದ ಇಂಗುವುದೂ ಇಲ್ಲ.

ಪಕ್ಕದವರು ಎತ್ತುವ ಮೊದಲು ನಾನು ಎತ್ತಿಟ್ಟುಕೊಳ್ಳುತ್ತೇನೆ ಅನ್ನುವುದೇ ಇದರ ಹಿಂದಿನ ಲೆಕ್ಕ ಅಂತ ನನಗೆ ಗೊತ್ತು, ನಿಮಗೂ ಗೊತ್ತು. ಹೊಂಡ ಹರಿದು ಹೋಗುವ ಮಳೆನೀರನ್ನು ಹಿಡಿಯಲಿ. ಬೆಳೆ ಬಾಡುವ ಹೊತ್ತಿಗೆ ಅದೇ ಹಂಗಾಮಿನಲ್ಲಿ ಬಳಸಿ ಖಾಲಿ ಮಾಡಿ.

ಆವಿ ತಡೆಯಲು ಏನಾದರೂ ಮುಚ್ಚಬಹುದೇ ಅಂತ ಇನ್ನೊಬ್ಬರು ಕೇಳಿದ್ದಾರೆ. ಚಿಕ್ಕ ಹೊಂಡಕ್ಕೆ ನೆರಳು ಬಲೆ ಕಟ್ಟಬಹುದು, ಗಾಳಿ ಬರುವ ಕಡೆ ಗಿಡದ ಸಾಲು ಹಾಕಬಹುದು. 2015ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು ಜಲಾಶಯದ ಮೇಲೆ 9.6 ಕೋಟಿ ಕಪ್ಪು ಪ್ಲಾಸ್ಟಿಕ್ ಚೆಂಡು ಸುರಿದಿದ್ದರು. ನೀರಿನ ಗುಣ ಕೆಡದಿರಲಿ ಅಂತ ಶುರುವಾದದ್ದು, ಆವಿಯೂ ಕಡಿಮೆಯಾಯಿತು. ತಮಾಷೆ ಅಂದರೆ ಆ ಚೆಂಡು ತಯಾರಿಸಲು ಖರ್ಚಾದ ನೀರೂ ಕಡಿಮೆಯದಲ್ಲ ಅಂತ 2018ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು.

ಪ್ರಶ್ನೆ: ಬಚ್ಚಲು ನೀರು, ಬಟ್ಟೆ ಒಗೆದ ನೀರು ಗಿಡಕ್ಕೆ ಬಿಟ್ಟರೆ ಸೋಪಿನಿಂದ ಮಣ್ಣು ಕೆಡುವುದಿಲ್ಲವೇ? ಆರ್‌ಓ ಮಷೀನಿನ ಬಿಟ್ಟ ನೀರು?

ಉತ್ತರ: ಸ್ನಾನದ ನೀರಿಗೆ ಹೆದರಬೇಡಿ. ಬಟ್ಟೆ ಒಗೆದ ನೀರಿನಲ್ಲಿ ಸೋಡಿಯಂ ಇರುತ್ತದೆ, ಪುಡಿ ಡಿಟರ್ಜೆಂಟ್‌ನಲ್ಲಿ ಜಾಸ್ತಿ. ಅದು ಜೇಡಿಮಣ್ಣಿಗೆ ಸೇರುತ್ತಾ ಹೋದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಲ್ಲುತ್ತದೆ. ಬುಡದಲ್ಲಿ ನೀರು ಹಾಕಿ ಬಹಳ ಹೊತ್ತಾದರೂ ಕೆಸರಾಗಿ ನಿಂತಿದ್ದರೆ, ಒಣಗಿದ ಮೇಲೆ ಬಿಳಿ ಹೊಪ್ಪಳೆ ಎದ್ದರೆ ಮಣ್ಣು "ಸಾಕು" ಅನ್ನುತ್ತಿದೆ ಅಂತ ತಿಳಿಯಿರಿ. ದ್ರವ ಸೋಪು ವಾಸಿ. ಕೊನೆಯ ಸಲ ಜಾಲಾಡಿದ ನೀರು ಇನ್ನೂ ವಾಸಿ.

ಎರಡು ನಿಯಮ ಮುಖ್ಯ. ಈ ನೀರನ್ನು 24 ಗಂಟೆಗಿಂತ ಹೆಚ್ಚು ಕೂಡಿಡಬೇಡಿ, ಗಬ್ಬು ನಾರುತ್ತದೆ, ಕ್ರಿಮಿಗಳೂ ಬೆಳೆಯುತ್ತವೆ. ಹಸಿಯಾಗಿ ತಿನ್ನುವ ಸೊಪ್ಪು, ಗಡ್ಡೆಗೆ ಹಾಕಬೇಡಿ, ಮರಗಳ ಬುಡಕ್ಕೆ ಹಾಕಿ. ಮಗುವಿನ ಮಲದ ಬಟ್ಟೆ ತೊಳೆದ ನೀರು ಚರಂಡಿಗೇ ಹೋಗಲಿ. ಪಾತ್ರೆ ತೊಳೆದ ಜಿಡ್ಡಿನ ನೀರು ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ, ಅದರ ತಂಟೆ ಬೇಡ.

ಆರ್‌ಓ ಬಿಟ್ಟ ನೀರಲ್ಲಿ ಉಪ್ಪು ಗಾಢವಾಗಿರುತ್ತದೆ. ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ, ಗಿಡಕ್ಕೆ ಬೇಡ. ಅದಕ್ಕಿಂತ ಮೊದಲು ನಿಮಗೆ ಆರ್‌ಓ ಬೇಕೇ ಅಂತ ನೋಡಿ. ಸಾಮಾನ್ಯವಾಗಿ ಮನೆಯ ಮಷೀನು ಒಂದು ಲೀಟರ್ ಕೊಡಲು ಮೂರು ಲೀಟರ್ ಹೊರಹಾಕುತ್ತದೆ. ನೀರಿನಲ್ಲಿ ಕರಗಿದ ಲವಣ ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ರುಚಿ ಚೆನ್ನಾಗಿರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಷ್ಟಿದ್ದು, ಪರೀಕ್ಷೆಯಲ್ಲಿ ಫ್ಲೋರೈಡ್, ನೈಟ್ರೇಟ್‌ನಂಥವು ಮಿತಿಯಲ್ಲಿದ್ದರೆ ಆರ್‌ಓ ದಂಡ.

ಪ್ರಶ್ನೆ: ಮರ ನೆಟ್ಟರೆ ಅಂತರ್ಜಲ ಏರುತ್ತೆ ಅಂತ ಒಬ್ಬರು, ಮರಗಳೇ ನೀರು ಕುಡಿದು ಮುಗಿಸುತ್ತವೆ ಅಂತ ಇನ್ನೊಬ್ಬರು. ಯಾರು ಸರಿ?

ಉತ್ತರ: ಇಬ್ಬರೂ. ಆಫ್ರಿಕಾದ ಬುರ್ಕಿನಾ ಫಾಸೋ ದೇಶದಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿತು. ಮರವೇ ಇಲ್ಲದ ಬಯಲಿನಲ್ಲಿ ಮಣ್ಣು ಬಿಗಿದುಕೊಂಡು ನೀರು ಇಳಿಯುವುದಿಲ್ಲ. ಒತ್ತಾಗಿ ಮರ ಇದ್ದರೆ ಇಳಿದದ್ದನ್ನೆಲ್ಲ ಅವೇ ಹೀರುತ್ತವೆ. ಬಿಡಿ ಬಿಡಿಯಾಗಿ, ಮಧ್ಯಮ ಸಂಖ್ಯೆಯಲ್ಲಿ ಮರಗಳಿರುವ ಹೊಲದಲ್ಲಿ ಅತಿ ಹೆಚ್ಚು ನೀರು ಇಂಗಿತು. ಆದ್ದರಿಂದ ಬದುವಿನ ಮೇಲೆ ಅಲ್ಲಲ್ಲಿ ಮರ ಇರಲಿ. ಒಣ ಜಾಗದಲ್ಲಿ ನೀಲಗಿರಿಯ ತೋಪು ಹಾಕಿ ಅಂತರ್ಜಲ ಏರಲಿ ಅಂತ ಕಾಯಬೇಡಿ.

ಅದೇ ದೇಶದ ಯಾಕೂಬಾ ಸವಾಡೋಗೋ ಅನ್ನುವ ರೈತ ಮಾಡಿದ್ದನ್ನೂ ಹೇಳಬೇಕು. ಮಳೆಗಾಲಕ್ಕೆ ಮೊದಲೇ, ಕಲ್ಲಿನಂತೆ ಬಿಗಿದ ನೆಲದಲ್ಲಿ ಸಾಲು ಸಾಲಾಗಿ ಚಿಕ್ಕ ಗುಂಡಿ ತೋಡಿ, ಗೊಬ್ಬರ ಹಾಕಿ, ಬಿತ್ತುವುದು. ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಗೆದ್ದಲು ಕೊರೆದ ತೂತಿನಲ್ಲಿ ನೀರು ಇಳಿಯುತ್ತದೆ. ಹಳೆಯ ಪದ್ಧತಿಯೇ, ಇವರು ಗುಂಡಿ ದೊಡ್ಡದು ಮಾಡಿ ಗೊಬ್ಬರ ಸೇರಿಸಿದರು. ಬಂಜರು ಕಾಡಾಯಿತು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಇಷ್ಟಕ್ಕೂ ಬೇಕಾದ್ದು ಗುದ್ದಲಿ.

ಪ್ರಶ್ನೆ: ಚರಂಡಿ ನೀರು ಶುದ್ಧ ಮಾಡಿ ಕುಡಿಯುತ್ತಾರಂತೆ, ನಿಜವೇ? ಅಸಹ್ಯ ಅಲ್ಲವೇ?

ಉತ್ತರ: ನಿಜ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ 1968ರಿಂದ ಕುಡಿಯುತ್ತಿದ್ದಾರೆ. ಹತ್ತಿರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಬೇರೆ ದಾರಿ ಇರಲಿಲ್ಲ. ಕಾರ್ಖಾನೆಯ ಕೊಳೆನೀರನ್ನು ಮೊದಲೇ ಬೇರೆ ಮಾಡಿ, ಮನೆಗಳ ನೀರನ್ನು ಹಲವು ಹಂತದಲ್ಲಿ ಶುದ್ಧ ಮಾಡಿ, ಬೇರೆ ನೀರಿನ ಜೊತೆ ಬೆರೆಸಿ ಕೊಡುತ್ತಾರೆ. ಇಸ್ರೇಲ್ ತನ್ನ ಚರಂಡಿ ನೀರಿನ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಪಾಲನ್ನು ಮತ್ತೆ ಬಳಸುತ್ತದೆ, ಮುಖ್ಯವಾಗಿ ಬೇಸಾಯಕ್ಕೆ. ಅಸಹ್ಯದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಆದರೆ ನದಿಯ ಕೆಳದಂಡೆಯ ಊರಿನವರೆಲ್ಲ ಮೇಲಿನ ಊರಿನವರ ಬಚ್ಚಲು ನೀರನ್ನೇ ಕುಡಿಯುತ್ತಿರುವುದು. ಅವರಿಗೆ ಅಷ್ಟು ಹಂತದ ಶುದ್ಧೀಕರಣವೂ ಸಿಗುವುದಿಲ್ಲ.

ಪ್ರಶ್ನೆ: ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಬಕೆಟ್ಟಿನಲ್ಲಿ ಸ್ನಾನ ಮಾಡಿ ಅಂತ ಬರೆಯುವ ನಿಮ್ಮಂಥವರಿಗೆ ಮಾಡಲು ಬೇರೆ ಕೆಲಸ ಇಲ್ಲವೇ? ನೀರೆಲ್ಲ ಹೋಗುವುದು ಹೊಲಕ್ಕೆ. ಮನೆಯಲ್ಲಿ ಎರಡು ಚೊಂಬು ಉಳಿಸಿದರೆ ಏನಾಗುತ್ತೆ?

ಉತ್ತರ: ನೀವು ಹೇಳಿದ್ದು ಅರ್ಧ ನಿಜ. ಜಗತ್ತಿನಲ್ಲಿ ನದಿ, ಕೆರೆ, ಅಂತರ್ಜಲದಿಂದ ಎತ್ತುವ ಸಿಹಿನೀರಿನಲ್ಲಿ ನೂರಕ್ಕೆ ಸುಮಾರು 70 ಪಾಲು ಬೇಸಾಯಕ್ಕೇ ಹೋಗುತ್ತದೆ. ಇಡೀ ಪ್ರದೇಶದ ನೀರನ್ನು ಚೊಂಬಿನಲ್ಲಿ ಉಳಿಸಲು ಆಗುವುದಿಲ್ಲ, ಒಪ್ಪಿದೆ.

ಆದರೆ ಊರಿಗೆ ನೀರು ಕೊಡುವ ಜಲಾಶಯ ಬರಿದಾಗುತ್ತಿರುವಾಗ ಆ ಚೊಂಬೇ ಲೆಕ್ಕಕ್ಕೆ ಬರುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2018ರ ಫೆಬ್ರುವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದರು. ಬರಕ್ಕೆ ಮೊದಲಿದ್ದ ಬಳಕೆ ಅರ್ಧಕ್ಕೆ ಇಳಿಯಿತು, ಪಕ್ಕದ ರೈತರೂ ತಮ್ಮ ಜಲಾಶಯದಿಂದ ನಗರಕ್ಕೆ ನೀರು ಬಿಟ್ಟರು. ನಲ್ಲಿಗಳು ಪೂರ್ತಿ ಬಂದ್ ಆಗುವ ದಿನ ಮುಂದೆ ಮುಂದೆ ಹೋಗಿ, ಕೊನೆಗೆ ಮಳೆ ಬಂತು. ಇಲ್ಲೂ ಮಿತಿಯೇ ಕೆಲಸ ಮಾಡಿದ್ದು, ಉಪದೇಶ ಅಲ್ಲ. ಅಷ್ಟರ ಮಟ್ಟಿಗೆ ನೀವೂ ನಾನೂ ಒಂದೇ ಕಡೆ ಇದ್ದೇವೆ.

ಹಲ್ಲುಜ್ಜುವುದನ್ನು ಬಿಡಿ, ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕ್ ನೋಡಿ. ರಾತ್ರಿ ಮಲಗುವ ಮೊದಲು ಟ್ಯಾಂಕಿನೊಳಗೆ ಯಾವುದಾದರೂ ಬಣ್ಣ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದಿದ್ದರೆ ಒಳಗಿನ ರಬ್ಬರ್ ಸೀಲ್ ಸೋರುತ್ತಿದೆ. ಸದ್ದಿಲ್ಲದೆ ದಿನವಿಡೀ ಹೋಗುವ ಈ ನೀರಿನ ಮುಂದೆ ನಿಮ್ಮ ಎರಡು ಚೊಂಬು ಏನೂ ಅಲ್ಲ.

ಪ್ರಶ್ನೆ: ನಮ್ಮ ಬೋರ್‌ಗೆ ಮೀಟರ್ ಇಲ್ಲ. ಎಷ್ಟು ನೀರು ಎತ್ತುತ್ತಿದ್ದೇವೆ, ಮಟ್ಟ ಎಲ್ಲಿದೆ ಅಂತ ತಿಳಿಯುವುದು ಹೇಗೆ?

ಉತ್ತರ: 200 ಲೀಟರ್ ಡ್ರಮ್ಮು, ಮೊಬೈಲಿನ ಸ್ಟಾಪ್‌ವಾಚ್. ಪಂಪು ಹಾಕಿ ಅರ್ಧ ಗಂಟೆ ಬಿಟ್ಟು ಅಳೆಯಿರಿ, ಶುರುವಿನಲ್ಲಿ ಬರುವ ಜೋರು ನೀರನ್ನು ನಂಬಬೇಡಿ. ಡ್ರಮ್ಮು 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್, ಗಂಟೆಗೆ 18,000. ಪಂಪು ಓಡಿದ ಗಂಟೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುತ್ತಾ ಹೋಗಿ. ತಿಂಗಳಿಗೊಮ್ಮೆ ಡ್ರಮ್ಮಿನ ಅಳತೆ ಮತ್ತೆ ಮಾಡಿ.

ಮಟ್ಟ ನೋಡಲು ಬೆಳಿಗ್ಗೆ ಪಂಪು ಹಾಕುವ ಮೊದಲು ತುದಿಗೆ ಭಾರ ಕಟ್ಟಿದ ನೈಲಾನ್ ದಾರ ಬಿಡಬೇಕು. ಪೈಪಿಗೂ ಕೇಸಿಂಗಿಗೂ ನಡುವೆ ಜಾಗ ಕಡಿಮೆ, ದಾರ ಮೋಟಾರಿನ ಕೇಬಲ್ಲಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಅದಕ್ಕೇ ಮುಂದಿನ ಸಲ ಮೋಟಾರು ಮೇಲೆತ್ತಿದಾಗ ಪೈಪಿನ ಜೊತೆಗೇ ಬುಡ ತೆರೆದ ಒಂದು ಸಣ್ಣ ಪಿವಿಸಿ ಪೈಪನ್ನು ಕಟ್ಟಿ ಇಳಿಸಿಬಿಡಿ. ಆಮೇಲೆ ದಾರ ಅದರೊಳಗೇ ಹೋಗಿ ಬರುತ್ತದೆ.